ಮಳೆ ಹಿಡಿಯುವ ಮುಂಚೆ

ವಿರಾಜಪೇಟೆ ಕಡೆಯ ಒಂದು ಕಾಲೇಜಿಗೆ, ಗರ್ಭಕಂಠದ (ಗರ್ಭಕೋಶದ ಬಾಯಿಯ) ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಬಗ್ಗೆ ಮಾತಾಡಲು ಹೋಗಿದ್ದೆ. ಕೈ ಎತ್ತಿ ಕೇಳಿ ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ಅದಕ್ಕೇ ಹೆಸರು ಹಾಕದೆ ಚೀಟಿ ಬರೆದುಕೊಡಿ ಅನ್ನುತ್ತೇನೆ. ಅವತ್ತು ಸೂಜಿ ನೋವಿನ ಬಗ್ಗೆ ಕೇಳಿದ್ದ ಚೀಟಿ ಎರಡೇ. ಉಳಿದವುಗಳಲ್ಲಿ ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಮನೇಲಿ ಹೇಗೆ ಹೇಳೋದು ಮೇಡಂ?"

ಗರ್ಭಕಂಠದ ಕ್ಯಾನ್ಸರ್ ನಮ್ಮ ದೇಶದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಅತಿ ಜಾಸ್ತಿ ಕಾಣುವ ಕ್ಯಾನ್ಸರ್. ಹೆಚ್ಚೂಕಡಿಮೆ ಎಲ್ಲ ಪ್ರಕರಣಗಳಿಗೂ ಎಚ್‌ಪಿವಿ ವೈರಸ್ಸೇ ಕಾರಣ. ಅದರಲ್ಲಿ 16 ಮತ್ತು 18ನೇ ಬಗೆಗಳದ್ದೇ ಸುಮಾರು 70 ಶೇಕಡ ಪಾಲು. ಹರಡುವುದು ಲೈಂಗಿಕ ಸಂಪರ್ಕದಿಂದ. ಮಾತು ನಿಲ್ಲುವುದೇ ಇಲ್ಲಿ. "ನಮ್ಮ ಹುಡುಗಿ ಅಂಥವಳಲ್ಲ" ಅಂತ ತಾಯಿ ಮುಖ ತಿರುಗಿಸುತ್ತಾರೆ.

ಅಂಥವಳು ಇಂಥವಳು ಅನ್ನುವ ಪ್ರಶ್ನೆಯೇ ಇಲ್ಲ. ಈ ವೈರಸ್ ಬಹಳ ಜನರಿಗೆ ಜೀವನದಲ್ಲಿ ಒಂದಲ್ಲ ಒಂದು ಸಲ ತಗಲುತ್ತದೆ. ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಒಳಗೇ ಉಳಿದು, 15-20 ವರ್ಷ ಸದ್ದಿಲ್ಲದೆ ಬೆಳೆದು ಕ್ಯಾನ್ಸರ್ ಆಗುತ್ತದೆ. ಗಂಡನನ್ನು ಬಿಟ್ಟು ಬೇರೆ ಯಾರನ್ನೂ ಕಾಣದ ಹೆಂಗಸರೂ ನಲವತ್ತೈದರಲ್ಲಿ ರಕ್ತಸ್ರಾವ ಅಂತ ನನ್ನ ಹತ್ತಿರ ಬರುತ್ತಾರೆ.

"ಮದುವೆ ಆದ್ಮೇಲೆ ನೋಡೋಣ ಡಾಕ್ಟ್ರೇ" ಅಂದರು ಒಬ್ಬ ಕಾಫಿ ಬೆಳೆಗಾರರು. ಮಗಳು ಪಕ್ಕದಲ್ಲೇ ನೆಲ ನೋಡುತ್ತಾ ಕೂತಿದ್ದಳು. ತೋಟಕ್ಕೆ ಬೋರ್ಡೋ (ಕೊಳೆರೋಗ ತಡೆಯುವ ಔಷಧಿ) ಯಾವಾಗ ಹೊಡೆಸ್ತೀರಿ ಅಂತ ಕೇಳಿದೆ. "ಮಳೆ ಹಿಡಿಯೋ ಮುಂಚೆ." ಕೊಳೆರೋಗ ಬಂದ ಮೇಲೆ ಹೊಡೆದರೆ ಆಗಲ್ವಾ? ಅವರು ನಕ್ಕುಬಿಟ್ಟರು. ಮುಂದಿನ ವಾರ ಅಪ್ಪ ಮಗಳು ಇಬ್ಬರೂ ಬಂದರು. ಹೋಲಿಕೆ ಪೂರ್ತಿ ಸರಿಯಲ್ಲ ಬಿಡಿ. ಬೋರ್ಡೋ ವರ್ಷವರ್ಷವೂ ಬೇಕು, ಈ ಲಸಿಕೆಗೆ ಆ ಕಾಟವಿಲ್ಲ.

ತಪ್ಪು ನನ್ನದೂ ಇತ್ತು. ಮೊದಮೊದಲು ಪೋಷಕರಿಗೆ ಕಳಿಸುತ್ತಿದ್ದ ಪತ್ರದ ಮೊದಲ ಸಾಲಿನಲ್ಲೇ "ಲೈಂಗಿಕವಾಗಿ ಹರಡುವ" ಅಂತ ಬರೆದಿದ್ದೆ. ಎಷ್ಟೋ ಪತ್ರ ಸಹಿಯಾಗಿ ವಾಪಸ್ ಬರಲೇ ಇಲ್ಲ. ಈಗ "ಕ್ಯಾನ್ಸರ್ ತಡೆಯುವ ಲಸಿಕೆ" ಅಂತ ಶುರು ಮಾಡುತ್ತೇನೆ, ಹರಡುವ ವಿಷಯ ಆಮೇಲೆ. ಮುಚ್ಚಿಡುವುದಿಲ್ಲ, ಸಾಲು ಹಿಂದೆಮುಂದೆ ಮಾಡಿದ್ದೇನೆ ಅಷ್ಟೇ. ಮಕ್ಕಳಿಗೂ ಮನೆಯಲ್ಲಿ ಹಾಗೇ ಶುರು ಮಾಡಿ ಅನ್ನುತ್ತೇನೆ. 18 ತುಂಬಿದವರು ತಾವೇ ನಿರ್ಧರಿಸಬಹುದು. ಆದರೆ ದುಡ್ಡು ಮನೆಯಿಂದಲೇ ಬರಬೇಕಲ್ಲ.

ಈ ಲಸಿಕೆಗೆ ಹೇಳಿ ಮಾಡಿಸಿದ ವಯಸ್ಸು 9ರಿಂದ 14. ಹಾಗಂತ ಕಾಲೇಜಿನವರಿಗೆ ತಡವಾಯಿತು ಅಂತಲ್ಲ, 26ರವರೆಗೂ ಹಾಕಿಸಬಹುದು. ಲೈಂಗಿಕ ಸಂಬಂಧ ಆಗಿದ್ದರೂ ಹಾಕಿಸಿಕೊಳ್ಳಿ. ಎಲ್ಲ ಬಗೆಯ ವೈರಸ್ಸೂ ಆಗಲೇ ತಗಲಿರುವುದು ಅಪರೂಪ. ಮುಂಚೆ ಯಾವ ಪರೀಕ್ಷೆಯೂ ಬೇಡ. ಬಸುರಿಯರು ಮಾತ್ರ ಹೆರಿಗೆ ಆಗುವವರೆಗೆ ಕಾಯಬೇಕು. ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ, ಅದರ ಹೊರಕವಚದಂಥ ಪ್ರೋಟೀನ್ ಅಷ್ಟೇ. ತೋಳು ನೋಯುತ್ತದೆ, ಒಂದಿಷ್ಟು ಜ್ವರ ಬರಬಹುದು. ಕೆಲವರು ಸೂಜಿ ಕಂಡೇ ತಲೆಸುತ್ತಿ ಬೀಳುತ್ತಾರೆ. ಅದಕ್ಕೇ 15 ನಿಮಿಷ ಕೂರಿಸಿ ಕಳಿಸುತ್ತೇವೆ.

15 ದಾಟಿದವರಿಗೆ ನಮ್ಮಲ್ಲಿ ಮೂರು ಡೋಸ್: ಮೊದಲನೆಯದು, ಎರಡು ತಿಂಗಳಿಗೆ ಇನ್ನೊಂದು, ಆರು ತಿಂಗಳಿಗೆ ಕೊನೆಯದು. ಆಗಸ್ಟಿನಲ್ಲಿ ಶುರುವಾದರೆ ಎರಡನೆಯದು ಅಕ್ಟೋಬರಿನ ಕಾವೇರಿ ಸಂಕ್ರಮಣದ ಹೊತ್ತಿಗೆ, ಮೂರನೆಯದು ಫೆಬ್ರುವರಿಗೆ. ಮೈಸೂರು, ಮಂಗಳೂರಿನ ಹಾಸ್ಟೆಲ್‌ನಲ್ಲಿರುವವರು ಕಾರ್ಡ್ ಜೋಪಾನವಾಗಿ ಇಟ್ಟುಕೊಂಡು ಅಲ್ಲೇ ಮುಂದುವರಿಸಬಹುದು. ದಿನ ತಪ್ಪಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಿಲ್ಲ.

ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಡೋಸಿಗೆ ಸುಮಾರು 2 ಸಾವಿರ ರೂಪಾಯಿ. ಒಂಬತ್ತು ಬಗೆಗಳನ್ನು ತಡೆಯುವ ಗಾರ್ಡಸಿಲ್ ಅದರ ಎಷ್ಟೋ ಪಟ್ಟು. 16 ಮತ್ತು 18ನೇ ಬಗೆಗಳನ್ನು ಎರಡು ಲಸಿಕೆಗಳೂ ತಡೆಯುತ್ತವೆ. ಮೂರಕ್ಕೂ ದುಡ್ಡಿಲ್ಲ ಅಂತ ಮೊದಲನೆಯದನ್ನೇ ಬಿಡಬೇಡಿ. 20 ವರ್ಷದವರೆಗಿನ ಆರೋಗ್ಯವಂತ ಹುಡುಗಿಯರಿಗೆ ಒಂದು ಅಥವಾ ಎರಡು ಡೋಸ್ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಹೇಳಿದೆ.

ಅವತ್ತಿನ ಚೀಟಿಗಳಲ್ಲಿ ಒಂದು ಹಿಂದಿನ ಬೆಂಚಿನಿಂದ ಬಂದಿತ್ತು. ಹುಡುಗನ ಅಕ್ಷರ. "ನಮಗಿಲ್ವಾ?" ಇದೆ ಮಾರಾಯ. ಗಂಟಲಿನ ಕ್ಯಾನ್ಸರಿಗೂ, ಗುಪ್ತಾಂಗದ ನರಹುಲಿಗಳಿಗೂ ಇದೇ ವೈರಸ್ ಕಾರಣವಾಗುತ್ತದೆ. ಹುಡುಗರೂ ಹಾಕಿಸಿಕೊಳ್ಳಬಹುದು ಅಂದೆ. ಇಡೀ ಹಾಲ್ ಗೊಳ್ಳೆಂದು ನಕ್ಕಿತು. ಹೊರಡುವಾಗ ಇಬ್ಬರು ಹುಡುಗರು ನನ್ನ ಕಾರಿನವರೆಗೂ ಬಂದು ಬೆಲೆ ಎಷ್ಟು ಅಂತ ಮತ್ತೊಮ್ಮೆ ಕೇಳಿಕೊಂಡು ಹೋದರು.