ಸೊನ್ನೆ ಮಳೆಯೋ, ಸುದ್ದಿಯೇ ಇಲ್ಲವೋ: ಮಳೆಮಾಪಕ ಹಿಡಿದು ಐಒಟಿ ಮತ್ತು ಬಿಗ್ ಡೇಟಾ ಕಲಿಯುವುದು

‘ಐಒಟಿ ಮತ್ತು ಬಿಗ್ ಡೇಟಾ ನಡುವಿನ ಸಂಬಂಧ ವಿವರಿಸಿ’ ಎಂಬ ಪ್ರಶ್ನೆಗೆ ಗೈಡ್‌ಗಳಲ್ಲಿರುವ ಉತ್ತರ ಎಲ್ಲರಿಗೂ ಬಾಯಿಪಾಠ. ಐಒಟಿ (ಇಂಟರ್ನೆಟ್ ಆಫ್ ಥಿಂಗ್ಸ್), ಅಂದರೆ ಜಾಲಕ್ಕೆ ಸೇರಿದ ಸಾಧನಗಳು ಡೇಟಾ ಹುಟ್ಟಿಸುತ್ತವೆ, ಭಾರಿ ಡೇಟಾ ರಾಶಿಯನ್ನು ನಿಭಾಯಿಸುವ ಬಿಗ್ ಡೇಟಾ ತಂತ್ರಜ್ಞಾನ ಅದನ್ನು ವಿಶ್ಲೇಷಿಸುತ್ತದೆ. ಅಂಕ ಸಿಗಲು ಇಷ್ಟು ಸಾಕು. ಇಷ್ಟನ್ನೇ ನಂಬಿ ಒಂದು ಸಣ್ಣ ವ್ಯವಸ್ಥೆ ಕಟ್ಟಲು ಕೂತರೆ ಮಾತ್ರ ಮೊದಲ ದಿನವೇ ದಾರಿ ತಪ್ಪುತ್ತದೆ. ನನಗೆ ಹಾಗೇ ಆಯಿತು. ಅದಕ್ಕೇ ಸ್ಮಾರ್ಟ್ ಫ್ರಿಜ್ಜು, ಸ್ಮಾರ್ಟ್ ವಾಚುಗಳ ಸವಕಲು ಉದಾಹರಣೆ ಬಿಟ್ಟು, ನಮ್ಮ ಊರುಗಳಲ್ಲೇ ನಿಂತಿರುವ ಒಂದು ಯಂತ್ರ ಹಿಡಿದು ಈ ಟಿಪ್ಪಣಿ ಬರೆದಿದ್ದೇನೆ.

ಆ ಯಂತ್ರ ದೂರಮಾಪಕ ಮಳೆಮಾಪಕ, ಅಂದರೆ ಟೆಲಿಮೆಟ್ರಿಕ್ ರೈನ್ ಗೇಜ್. ಗ್ರಾಮ ಪಂಚಾಯಿತಿ ಕಚೇರಿಯ ಬಳಿಯೋ ಶಾಲೆಯ ಅಂಗಳದಲ್ಲೋ ಬೇಲಿಯೊಳಗೆ ಕಂಬ, ಸೋಲಾರ್ ಫಲಕ, ಮೇಲೊಂದು ಡಬ್ಬಿ ನೋಡಿರುತ್ತೀರಿ. ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇಂಥ ಮಾಪಕಗಳನ್ನು ಪಂಚಾಯಿತಿ ಮಟ್ಟಕ್ಕೆ ಇಳಿಸಿದೆ. 1988ರಲ್ಲಿ ಬರಗಾಲ ಗಮನಿಸುವ ಘಟಕವಾಗಿ ಶುರುವಾದ ಸಂಸ್ಥೆ ಇದು. ಈಗಿನ ಹೆಸರು ಬಂದದ್ದು 2007ರಲ್ಲಿ. ರಾಜ್ಯದಲ್ಲಿ ಇಂಥ 6,000ಕ್ಕೂ ಹೆಚ್ಚು ಮಾಪಕಗಳು 15 ನಿಮಿಷಕ್ಕೊಮ್ಮೆ ಮಳೆಯ ಲೆಕ್ಕ ಕಳಿಸುತ್ತವೆ. ಐಒಟಿ ಎಂಬ ಪದ ಕೇಳದವರ ಊರಲ್ಲೂ ಐಒಟಿ ಇದೆ ಎಂದಾಯಿತು.

ಡಬ್ಬಿಯೊಳಗೆ ಏನಿದೆ

ಒಳಗೆ ಒಂದು ತೂಗುಬಟ್ಟಲು. ಮಕ್ಕಳ ಏತಪಾತದಂತೆ ಎರಡು ಬದಿಯ ಪುಟ್ಟ ಬಟ್ಟಲು ಮಧ್ಯದ ಕೀಲಿನ ಮೇಲೆ ಕೂತಿರುತ್ತದೆ. ಮೇಲಿನ ಆಲಿಕೆಯಿಂದ ನೀರು ಒಂದು ಬದಿಗೆ ತುಂಬಿ, ತೂಕ ಹೆಚ್ಚಾದೊಡನೆ ಅದು ವಾಲಿ ನೀರು ಚೆಲ್ಲುತ್ತದೆ. ಇನ್ನೊಂದು ಬದಿ ಆಲಿಕೆಯ ಕೆಳಗೆ ಬರುತ್ತದೆ. ಪ್ರತಿ ಸಲ ವಾಲಿದಾಗ ಒಂದು ಆಯಸ್ಕಾಂತ ರೀಡ್ ಸ್ವಿಚ್ಚಿನ (ಆಯಸ್ಕಾಂತ ಹತ್ತಿರ ಬಂದರೆ ಕೆಲಸ ಮಾಡುವ ಸ್ವಿಚ್ಚು) ಮುಂದೆ ಹಾದು ಒಂದು ‘ಟಿಕ್’ ದಾಖಲಾಗುತ್ತದೆ. ಆಲಿಕೆಯ ವ್ಯಾಸ 200 ಮಿ.ಮೀ. ಎಂದಿಟ್ಟುಕೊಳ್ಳಿ, ವಿಸ್ತೀರ್ಣ ಸುಮಾರು 314 ಚದರ ಸೆಂ.ಮೀ. ಅದರ ಮೇಲೆ ಅರ್ಧ ಮಿ.ಮೀ. ಮಳೆ ಎಂದರೆ 15.7 ಮಿ.ಲೀ. ನೀರು. ಅಷ್ಟು ತುಂಬಿದರೆ ಒಂದು ಟಿಕ್. ಲಂಡನ್ನಿನಲ್ಲಿ ಕ್ರಿಸ್ಟೋಫರ್ ರೆನ್ 1660ರ ದಶಕದಲ್ಲೇ ಇಂಥ ತೂಗುಬಟ್ಟಲು ಮಾಡಿದ್ದ. ‘ಸ್ಮಾರ್ಟ್’ ಸಾಧನದ ಹೃದಯ 350 ವರ್ಷಕ್ಕೂ ಹಳೆಯದು. ಹೊಸದಾಗಿ ಸೇರಿದ್ದು ಸಿಮ್ ಕಾರ್ಡು.

ಹಾಗಿದ್ದರೆ ಸ್ಮಾರ್ಟ್ ಎಲ್ಲಿಂದ ಬಂತು? ಡಬ್ಬಿಗೆ ತಿಳಿದಿರುವುದು ಎಷ್ಟು ಸಲ ವಾಲಿದೆ ಎಂಬುದಷ್ಟೇ. ಮಳೆ ಎಂದರೇನೆಂದು ಅದಕ್ಕೆ ಗೊತ್ತಿಲ್ಲ. ಆಲಿಕೆಗೆ ಒಣ ಎಲೆ ಬಿದ್ದು ತೂತು ಮುಚ್ಚಿಕೊಂಡರೆ, ಊರೆಲ್ಲ ನೆನೆಯುತ್ತಿದ್ದರೂ ಅದು ಪ್ರಾಮಾಣಿಕವಾಗಿ ‘ಸೊನ್ನೆ’ ಎನ್ನುತ್ತದೆ. ಸುಳ್ಳು ಹೇಳುತ್ತಿದೆ ಎಂದು ಅದಕ್ಕೇ ತಿಳಿಯುವ ದಾರಿಯಿಲ್ಲ. ಸುತ್ತಲಿನ ಐದಾರು ಪಂಚಾಯಿತಿಗಳ ಮಾಪಕಗಳು 60, 72, 80 ಎನ್ನುತ್ತಿರುವಾಗ ನಡುವಿನದೊಂದು 0 ಎಂದರೆ, ಅನುಮಾನ ಬರುವುದು ಎಲ್ಲವನ್ನೂ ಒಟ್ಟಿಗೆ ನೋಡುವವರಿಗೆ ಮಾತ್ರ. ಈ ಟಿಪ್ಪಣಿಯಲ್ಲಿ ಒಂದೇ ಸಾಲಿಗೆ ಅಡಿಗೆರೆ ಎಳೆಯುವುದಿದ್ದರೆ ಇಲ್ಲಿ ಎಳೆಯಿರಿ: ಸಾಧನದ ಜಾಣತನ ಸಾಧನದಲ್ಲಿಲ್ಲ, ಅದರ ನೆರೆಹೊರೆಯಲ್ಲಿದೆ.

ಇದು ನಿಜಕ್ಕೂ ‘ಬಿಗ್’ ಡೇಟಾವೇ?

ಲೆಕ್ಕ ಹಾಕೋಣ. ದಿನಕ್ಕೆ 96 ಕಾಲು ಗಂಟೆಗಳು. 6,000 ಮಾಪಕ ಎಂದರೆ 5,76,000 ದಾಖಲೆ. ಒಂದೊಂದಕ್ಕೆ 100 ಬೈಟ್ ಕೊಟ್ಟರೂ ದಿನಕ್ಕೆ 58 ಎಂಬಿ, ವರ್ಷಕ್ಕೆ 21 ಜಿಬಿ. ಜೇಬಿನ ಪೆನ್‌ಡ್ರೈವ್‌ನಲ್ಲಿ ಇಡಬಹುದು! ಗಾತ್ರವೊಂದನ್ನೇ ನೋಡಿದರೆ ಇದು ಬಿಗ್ ಡೇಟಾ ಅಲ್ಲ. ಇದನ್ನು ಬಿಡಿಸಿ ಹೇಳುವವರು ಕಡಿಮೆ.

ಹೋಲಿಕೆಗೆ ವಿದ್ಯುತ್ ವಿತರಣೆ ಸುಧಾರಿಸುವ ಕೇಂದ್ರ ಸರ್ಕಾರದ ಆರ್‌ಡಿಎಸ್‌ಎಸ್ ಯೋಜನೆ ನೋಡಿ. 2021ರಲ್ಲಿ ಶುರುವಾದಾಗ ಅದರ ಗುರಿ 25 ಕೋಟಿ ಸ್ಮಾರ್ಟ್ ವಿದ್ಯುತ್ ಮೀಟರ್. ಅರ್ಧ ಗಂಟೆಗೊಂದು ಓದು ಎಂದರೂ ದಿನಕ್ಕೆ 1,200 ಕೋಟಿ ದಾಖಲೆ. 100 ಬೈಟಿನ ಲೆಕ್ಕದಲ್ಲಿ ದಿನಕ್ಕೆ 1.2 ಟಿಬಿ. ಇಲ್ಲಿ ಒಂದೇ ಕಂಪ್ಯೂಟರಿನ ಆಟ ನಡೆಯುವುದಿಲ್ಲ.

2001ರಲ್ಲಿ ವಿಶ್ಲೇಷಕ ಡಗ್ ಲೇನಿ ಹೇಳಿದ ಮೂರು ‘ವಿ’ಗಳು ಪಠ್ಯದಲ್ಲಿ ಬರುತ್ತವೆ: ಗಾತ್ರ (ವಾಲ್ಯೂಮ್), ವೇಗ (ವೆಲಾಸಿಟಿ), ವೈವಿಧ್ಯ (ವೆರೈಟಿ). ಮಳೆಮಾಪಕದ ವಿಷಯದಲ್ಲಿ ಕಾಟ ಕೊಡುವುದು ಕೊನೆಯ ಎರಡು. ಮಾಪಕ ಮಿಲಿಮೀಟರಿನಲ್ಲಿ ಮಾತಾಡುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಡೈರಿಯಲ್ಲಿ ಮಳೆ ಇರುವುದು ಇಂಚು ಮತ್ತು ಸೆಂಟ್ಸ್‌ಗಳಲ್ಲಿ. ‘ನಿನ್ನೆ 80 ಸೆಂಟ್ಸ್ ಹೊಡೀತು’ ಎಂದರೆ 0.8 ಇಂಚು, ಸುಮಾರು 20 ಮಿ.ಮೀ. ಇವೆರಡರ ಜೊತೆ ರೇಡಾರ್ ಚಿತ್ರ, ಉಪಗ್ರಹ ಚಿತ್ರ, ಕಾಲುವೆಯ ನೀರಿನ ಮಟ್ಟ ಸೇರಿಸಿ ನೋಡಿ. ಒಂದು ಸಂಖ್ಯೆ, ಒಂದು ಕೈಬರಹ, ಒಂದು ಚಿತ್ರ. ಮೂರೂ ಒಂದೇ ಮಳೆಯ ಬಗ್ಗೆ.

ಸಂಗ್ರಹದ ಬಗ್ಗೆ ಒಂದು ಚೆಂದದ ಉಪಾಯ ಹೇಳಿ ಮುಂದೆ ಹೋಗುತ್ತೇನೆ. 10:00, 10:15, 10:30 ಎಂದು ಸಮಯವನ್ನು ಪೂರ್ತಿ ಬರೆದಿಡುವ ಅಗತ್ಯವಿಲ್ಲ. ಅಂತರ 15, 15. ಅಂತರಗಳ ನಡುವಿನ ಅಂತರ 0. ಆ ಸೊನ್ನೆಗೆ ಒಂದು ಬಿಟ್ ಸಾಕು. ಫೇಸ್‌ಬುಕ್ ಎಂಜಿನಿಯರುಗಳು 2015ರಲ್ಲಿ ಗೊರಿಲ್ಲಾ ಎಂಬ ಸಮಯ-ಸರಣಿ ಡೇಟಾಬೇಸಿನಲ್ಲಿ ಇದನ್ನು ವಿವರಿಸಿದರು. 16 ಬೈಟಿನ ದಾಖಲೆ ಸರಾಸರಿ 1.37 ಬೈಟಿಗೆ ಇಳಿಯಿತು. ಗಡಿಯಾರದಂತೆ ಕೆಲಸ ಮಾಡುವ, ಬಹುಪಾಲು ಹೊತ್ತು ‘ಮಳೆ ಇಲ್ಲ’ ಎನ್ನುವ ಮಾಪಕಕ್ಕೆ ಹೇಳಿ ಮಾಡಿಸಿದ ವಿಧಾನ.

ದಾರಿಯಲ್ಲಿ ಆಗುವ ಅನಾಹುತ

ನಾನು ಅತಿ ಹೆಚ್ಚು ಸಮಯ ಕಳೆದದ್ದು ಈ ಭಾಗದಲ್ಲೇ.

ಸಾಧನದಿಂದ ಸರ್ವರಿಗೆ ಸುದ್ದಿ ಒಯ್ಯಲು ಐಒಟಿಯಲ್ಲಿ ಜನಪ್ರಿಯವಾದ ವಿಧಾನ ಎಂಕ್ಯೂಟಿಟಿ. 1999ರಲ್ಲಿ ಆ್ಯಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಇದನ್ನು ರೂಪಿಸಿದ್ದು ತೈಲ ಕೊಳವೆಗಳ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲು. ಹಾಗಾಗಿಯೇ ಪ್ರತಿ ಸುದ್ದಿಯ ತಲೆಗೆ ಅಂಟುವ ಇದರ ಸ್ಥಿರ ಶಿರೋಲೇಖ (ಹೆಡರ್) ಬರೀ 2 ಬೈಟಿನಿಂದ ಶುರು. ನಡುವೆ ಬ್ರೋಕರ್ ಎಂಬ ದಲ್ಲಾಳಿ ಇರುತ್ತದೆ. ಸಾಧನ ‘ಮಳೆ/ಶಿವಮೊಗ್ಗ/ತೀರ್ಥಹಳ್ಳಿ’ ಎಂಬ ವಿಷಯದಡಿ ಸುದ್ದಿ ಹಾಕುತ್ತದೆ. ‘ಮಳೆ/ಶಿವಮೊಗ್ಗ/#’ ಎಂದು ಚಂದಾ ಮಾಡಿದವರಿಗೆ ಜಿಲ್ಲೆಯ ಎಲ್ಲ ಸುದ್ದಿಯೂ ತಲುಪುತ್ತದೆ. ವಿಷಯದ ಹೆಸರು ಎಲ್ಲ ಲಿಪಿಗಳನ್ನೂ ಬರೆಯಬಲ್ಲ ಯುಟಿಎಫ್-8 ಸಂಕೇತದಲ್ಲಿರುವುದರಿಂದ ಕನ್ನಡದಲ್ಲೇ ಬರೆಯಬಹುದು. ಬರೆದು ನೋಡಿದೆ, ನಡೆಯುತ್ತದೆ.

ಈಗ ಮಲೆನಾಡಿನ ಒಂದು ಜುಲೈ ಸಂಜೆ. 6:15ಕ್ಕೆ ಜಡಿಮಳೆ, ಕರೆಂಟು ಹೋಯಿತು, ಸ್ವಲ್ಪ ಹೊತ್ತಿಗೆ ಟವರೂ ಮಲಗಿತು. ಡೇಟಾ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಜಾಲ ಕೈಕೊಡುವುದು ಇಲ್ಲಿಯ ವ್ಯಂಗ್ಯ. ಮಾಪಕ ಸೋಲಾರ್ ಬ್ಯಾಟರಿಯಲ್ಲಿ ಎಣಿಸುತ್ತಲೇ ಇರುತ್ತದೆ. 9:40ಕ್ಕೆ ಸಿಗ್ನಲ್ ಬಂದಾಗ 6:15ರಿಂದ 9:30ರವರೆಗಿನ 14 ದಾಖಲೆಗಳು ಒಟ್ಟಿಗೆ ನುಗ್ಗುತ್ತವೆ. ಒಂದೊಂದರಲ್ಲಿ 4 ಮಿ.ಮೀ. ಇದ್ದರೆ, ಬಂದ ಸಮಯವನ್ನೇ ಮಳೆಯ ಸಮಯ ಎಂದುಕೊಂಡ ಪ್ರೋಗ್ರಾಮಿಗೆ 9:40ಕ್ಕೆ 56 ಮಿ.ಮೀ. ಸುರಿದಂತೆ ಕಾಣುತ್ತದೆ. ಮೇಘಸ್ಫೋಟದ ಎಚ್ಚರಿಕೆ ಹೊರಡುತ್ತದೆ! ಘಟನೆ ನಡೆದ ಸಮಯ ಬೇರೆ, ಸುದ್ದಿ ತಲುಪಿದ ಸಮಯ ಬೇರೆ. ಎರಡನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಇಡಿ.

ಇನ್ನೊಂದು ತೊಡಕು ನಕಲು ದಾಖಲೆ. ‘ಕನಿಷ್ಠ ಒಂದು ಸಲ ತಲುಪಲಿ’ ಎಂಬ ಮಟ್ಟದ ಖಾತರಿ ಕೇಳಿದರೆ, ಸ್ವೀಕೃತಿ ಸಿಗದ ಸಾಧನ ಅದನ್ನೇ ಮತ್ತೆ ಕಳಿಸುತ್ತದೆ. ಕಣ್ಣುಮುಚ್ಚಿ ಕೂಡಿಸಿದರೆ ಮಳೆ ದುಪ್ಪಟ್ಟು. ಸಾಧನದ ಗುರುತು ಮತ್ತು ಘಟನೆಯ ಸಮಯ ಸೇರಿಸಿ ದಾಖಲೆಯನ್ನು ಗುರುತಿಸುವ ಕೀಲಿ (ಕೀ) ಮಾಡಿಕೊಂಡರೆ ಎರಡನೆಯದು ಮೊದಲಿನದರ ಮೇಲೇ ಕೂರುತ್ತದೆ.

ಕಳೆದುಹೋಗುವ ದಾಖಲೆಗೆ ಮದ್ದು ಇನ್ನೂ ಸರಳ. ‘ಈ ಕಾಲು ಗಂಟೆಯಲ್ಲಿ ಎಷ್ಟು’ ಎಂದು ಕಳಿಸುವ ಬದಲು ‘ಬೆಳಗಿನಿಂದ ಒಟ್ಟು ಎಷ್ಟು’ ಎಂದು ಕಳಿಸಿ. ನಡುವಿನ ನಾಲ್ಕು ಪ್ಯಾಕೆಟ್ ಹೋದರೂ ಐದನೆಯದರಲ್ಲಿ ಒಟ್ಟು ಸಿಗುತ್ತದೆ. ‘ಬೆಳಗಿನಿಂದ’ ಎಂದರೆ ಎಷ್ಟು ಗಂಟೆಯಿಂದ? ನಮ್ಮ ದೇಶದಲ್ಲಿ ಮಳೆಯ ದಿನ ಶುರುವಾಗುವುದು ನಡುರಾತ್ರಿಗಲ್ಲ, ಬೆಳಿಗ್ಗೆ 8:30ಕ್ಕೆ. ಜಾಗತಿಕ ಸಮಯದ 3 ಗಂಟೆ ಅದು. ಗುಂಪು ಮಾಡುವಾಗ ದಿನಾಂಕ ನೋಡಿ ಕೂಡಿಸಿದರೆ, ರಾತ್ರಿ ಎರಡು ಗಂಟೆಯ ಮಳೆ ತಪ್ಪು ದಿನಕ್ಕೆ ಸೇರುತ್ತದೆ.

ಇನ್ನು ಖಾಲಿ ಜಾಗ. ಅಭ್ಯಾಸಕ್ಕೆಂದು ಮಾಡಿದ ನನ್ನ ಮೊದಲ ಕೋಡಿನಲ್ಲಿ ದಾಖಲೆ ಇಲ್ಲದ ಕಡೆಯೆಲ್ಲ 0 ತುಂಬಿಸಿದ್ದೆ. ತಾಲ್ಲೂಕಿನ ಸರಾಸರಿ ಅರ್ಧಕ್ಕಿಂತ ಕೆಳಗಿಳಿದು, ಮುಂಗಾರಿನ ನಡುವೆ ಬರಗಾಲ ಬಂದಿತ್ತು. 0 ಎಂದರೆ ‘ನೋಡಿದೆ, ಮಳೆ ಇಲ್ಲ’. ಖಾಲಿ ಎಂದರೆ ‘ಮಾತೇ ಇಲ್ಲ’. ಇದು ಪರೀಕ್ಷೆಯ ಕೋಣೆಗಷ್ಟೇ ಸಂಬಂಧಿಸಿದ ಮಾತಲ್ಲ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ಪಂಚಾಯಿತಿಯ ಮಳೆ ದಾಖಲೆಯ ಮೇಲೆ. ಅಲ್ಲಿ ಸೊನ್ನೆಗೂ ಖಾಲಿಗೂ ಇರುವ ವ್ಯತ್ಯಾಸ ರೂಪಾಯಿಯಲ್ಲಿದೆ. ಮನೆಯ ಅಂಗಳದಲ್ಲಿ ಮಾಪಕ ಇಟ್ಟು ಡೈರಿ ಬರೆಯುವ ಬೆಳೆಗಾರರ ಸಂಖ್ಯೆಗಳನ್ನು ‘ಅನಧಿಕೃತ’ ಎಂದು ತಳ್ಳಿಹಾಕುವುದು ನನ್ನ ದೃಷ್ಟಿಯಲ್ಲಿ ದಡ್ಡತನ. ಅವು ಪುಕ್ಕಟೆ ಸಿಗುವ ನೆರೆಹೊರೆ.

ನೆರೆಯವರನ್ನು ಕೇಳುವುದಕ್ಕೂ ಮಿತಿ ಇದೆ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಮೇಲೆ ಮಳೆ, ಚಳ್ಳಕೆರೆಯಲ್ಲಿ 500ರ ಆಸುಪಾಸು. ‘ದಿನಕ್ಕೆ 200 ಮಿ.ಮೀ. ದಾಟಿದರೆ ದೋಷ’ ಎಂಬ ಒಂದೇ ನಿಯಮ ಇಟ್ಟರೆ ಆಗುಂಬೆಯ ನಿಜವಾದ ಮಳೆ ಕಸದಬುಟ್ಟಿಗೆ, ಚಳ್ಳಕೆರೆಯ ಹುಸಿ 150 ಸಲೀಸಾಗಿ ಒಳಗೆ. ಘಟ್ಟದ ನೆತ್ತಿಗೂ ಒಳಸೆರಗಿಗೂ ದೂರ ಕಡಿಮೆ, ಮಳೆಯ ವ್ಯತ್ಯಾಸ ಅಪಾರ. ಹಾಗಾಗಿ ನೆರೆಯವರನ್ನು ಆರಿಸುವಾಗ ಕಿಲೋಮೀಟರ್ ಸಾಲದು, ಎತ್ತರವೂ ಬೇಕು, ಹಿಂದಿನ ಇಪ್ಪತ್ತು ಮೂವತ್ತು ವರ್ಷದ ಮಳೆಯ ಸ್ವಭಾವವೂ ಬೇಕು. ಹಳೆಯ ಡೇಟಾ ಇಲ್ಲದೆ ಹೊಸ ಡೇಟಾವನ್ನು ತೂಗಲಾಗದು. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಎನ್ನುವ ಗಾದೆಯೂ ತಲೆಮಾರುಗಳ ಮಳೆಯನ್ನು ಕೂಡಿಸಿ ಭಾಗಿಸಿ ತೆಗೆದ ಸಾರವೇ ತಾನೆ.

ಬೆಂಗಳೂರಿನಲ್ಲಿ ಸಮಸ್ಯೆ ತಿರುಗುಮುರುಗು. ಇಲ್ಲಿ ಕಾಯಲು ಪುರುಸೊತ್ತಿಲ್ಲ. ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ, ವೃಷಭಾವತಿ ಕಣಿವೆಗಳಿಗೆ ಕಾಂಕ್ರೀಟಿನ ಮೇಲಿಂದ ನೀರು ಧಾವಿಸುತ್ತದೆ. ಇದೇ ಉಸ್ತುವಾರಿ ಕೇಂದ್ರ ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆ ಸೇರಿ ನಗರದ ನೆರೆ ಮುನ್ಸೂಚನೆಯ ಕೆಲಸ ಮಾಡಿದೆ. ‘ಮೇಘ ಸಂದೇಶ’ ಆ್ಯಪ್ ಅದರ ಜನರಿಗೆ ಕಾಣುವ ಮುಖ. ಇಂಥ ಕಡೆ ಎರಡು ಉತ್ತರ ಬೇಕಾಗುತ್ತದೆ: ಕೈಗೆ ಬಂದಷ್ಟರಲ್ಲಿ ತಕ್ಷಣದ ಅಂದಾಜು, ತಡವಾದ ದಾಖಲೆಗಳೆಲ್ಲ ಸೇರಿದ ಮೇಲೆ ತಿದ್ದಿದ ಲೆಕ್ಕ. ಪಠ್ಯದಲ್ಲಿ ಬರುವ ಸ್ಟ್ರೀಮ್ ಮತ್ತು ಬ್ಯಾಚ್ ಸಂಸ್ಕರಣೆ ಕ್ರಮವಾಗಿ ಇವೇ. ಇದಕ್ಕೆ ಬಳಸುವ ಕಾಫ್ಕಾ, ಸ್ಪಾರ್ಕ್, ಹಡೂಪ್ ಎಂಬ ತಂತ್ರಾಂಶಗಳ ಹೆಸರುಗಳನ್ನು ಆಮೇಲೆ ನೆನಪಿಟ್ಟುಕೊಳ್ಳಬಹುದು.

ಬಿಡಿಸಿ ನೋಡಲು ಒಂದು ಲೆಕ್ಕ

ಒಂದು ಮಾಪಕ 6:45ರಿಂದ 8:45ರವರೆಗೆ, ಕಾಲು ಗಂಟೆಗೊಮ್ಮೆ, ಬೆಳಗಿನ 8:30ಕ್ಕೆ ಮುಗಿಯುವ ದಿನದ ಒಟ್ಟು ಮಳೆಯನ್ನು ಹೀಗೆ ಕಳಿಸಿದೆ (ಕಾಲ್ಪನಿಕ ಅಂಕಿ): 12, 12, 12, ಖಾಲಿ, ಖಾಲಿ, 30, 30.5, 31, 0.5.

ಮೊದಲ ಎರಡು ಅಂತರ ನಿಜವಾದ ಸೊನ್ನೆ. ಕೊನೆಯ ಅಂತರ ಕಳೆದರೆ ಋಣ 30.5 ಬರುತ್ತದೆ, ಆದರೆ ಮಳೆ ಆಕಾಶಕ್ಕೆ ಮರಳಿಲ್ಲ, ಹೊಸ ದಿನ ಶುರುವಾಗಿದೆ. ಆ ಕಾಲು ಗಂಟೆಯ ಮಳೆ 0.5. ಉಳಿದದ್ದು 7:15ರಿಂದ 8:00ರ ನಡುವಿನ 18 ಮಿ.ಮೀ. ಸಮವಾಗಿ ಹಂಚಿದರೆ ಕಾಲು ಗಂಟೆಗೆ 6, ಗಾಬರಿಯಿಲ್ಲ. 9 ಗಂಟೆಗೆ ತಡವಾದ ಎರಡು ದಾಖಲೆ ಬಂದವು: 7:30ಕ್ಕೆ 13, 7:45ಕ್ಕೆ 29. ಅಂದರೆ 7:30ರಿಂದ 7:45ರ ಆ ಒಂದೇ ಕಾಲು ಗಂಟೆಯಲ್ಲಿ 16 ಮಿ.ಮೀ., ಗಂಟೆಗೆ 64ರ ವೇಗ. ಕಾಲುವೆ ಉಕ್ಕಿದ್ದು ಆಗಲೇ.