ರಕ್ತ-ಮಿದುಳು ತಡೆಗೋಡೆ: ತಿಂದದ್ದು ಮಿದುಳು ಸೇರುವ ದಾರಿ

‘ಬಾಳೆಹಣ್ಣಿನಲ್ಲಿ ಸಿರೊಟೋನಿನ್ ಇದೆ, ತಿಂದರೆ ಬೇಜಾರು ಹೋಗುತ್ತದೆ’ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಅರ್ಧ ನಿಜ. ಮಿದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ, ಮನಸ್ಸಿನ ಸ್ಥಿತಿಗೂ ನಂಟಿರುವ ರಾಸಾಯನಿಕ ಸಿರೊಟೋನಿನ್. ಹಣ್ಣಿನಲ್ಲಿ ಅದು ಇರುವುದು ಹೌದು. ಆದರೆ ಅದು ಮಿದುಳಿನ ಒಳಗೆ ಹೋಗುವುದಿಲ್ಲ. ನಡುವೆ ರಕ್ತ-ಮಿದುಳು ತಡೆಗೋಡೆ ಇದೆ. ಊಟಕ್ಕೂ ಮಿದುಳಿಗೂ ಇರುವ ನಂಟು ತಿಳಿಯಬೇಕಾದರೆ ಮೊದಲು ಈ ಪದ ಗೊತ್ತಿರಬೇಕು.

1885ರಲ್ಲಿ ಪಾಲ್ ಎರ್ಲಿಕ್ ಎಂಬ ಜರ್ಮನ್ ವಿಜ್ಞಾನಿ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿ ನೋಡಿದರು. ಮೈಯೊಳಗಿನ ಅಂಗಗಳಿಗೆಲ್ಲ ಬಣ್ಣ ಹತ್ತಿತು, ಮಿದುಳು ಮಾತ್ರ ಬೆಳ್ಳಗೆ ಉಳಿಯಿತು. ಮಿದುಳಿಗೆ ಬಣ್ಣ ಹಿಡಿಯುವ ಗುಣವೇ ಇಲ್ಲ ಅಂತ ಅವರು ಅಂದುಕೊಂಡರು. ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಇದನ್ನೇ ತಿರುಗಿಸಿ ಮಾಡಿದರು. ಮಿದುಳಿನ ಸುತ್ತ ಇರುವ ದ್ರವಕ್ಕೇ ಬಣ್ಣ ಹಾಕಿದರು. ಈ ಸಲ ಮಿದುಳಿಗೆ ಬಣ್ಣ ಹತ್ತಿತು, ಉಳಿದ ಮೈಗೆ ಹತ್ತಲಿಲ್ಲ. ಅಂದರೆ ನಡುವೆ ಏನೋ ಅಡ್ಡ ಇದೆ, ಅಲ್ವಾ?

ಆ ಅಡ್ಡ ಇರುವುದು ರಕ್ತನಾಳಗಳಲ್ಲೇ. ಮಿದುಳಿನ ತೀರಾ ಸಣ್ಣ ರಕ್ತನಾಳಗಳ ಒಳಮೈ ಕೋಶಗಳು ಒಂದಕ್ಕೊಂದು ಹೊಲಿದ ಹಾಗೆ ಬಿಗಿಯಾಗಿ ಅಂಟಿಕೊಂಡಿವೆ. ಸಂದಿಯಲ್ಲಿ ನುಸುಳಲು ಜಾಗವಿಲ್ಲ. ಆಮ್ಲಜನಕ ಸಲೀಸಾಗಿ ದಾಟುತ್ತದೆ. ಗ್ಲೂಕೋಸ್‌ಗೆ ಬೇರೆಯದೇ ಬಾಗಿಲಿದೆ, ಇರಲೇಬೇಕು. ಮಿದುಳಿನ ತೂಕ ನಮ್ಮ ತೂಕದ ಶೇ. 2ರಷ್ಟೇ ಆದರೂ, ಸುಮ್ನೆ ಕೂತಿದ್ದಾಗಲೂ ಮೈ ಬಳಸುವ ಶಕ್ತಿಯಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು.

ಸಿರೊಟೋನಿನ್‌ಗೆ ಅಂಥ ಬಾಗಿಲಿಲ್ಲ. ಮಿದುಳು ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಅದಕ್ಕೆ ಬೇಕಾದ ಕಚ್ಚಾವಸ್ತು ಟ್ರಿಪ್ಟೊಫಾನ್, ಪ್ರೊಟೀನ್ ಇರುವ ಆಹಾರದಿಂದ ಬರುವ ಒಂದು ಅಮೈನೊ ಆಮ್ಲ, ಅಂದರೆ ಪ್ರೊಟೀನ್ ಕಟ್ಟಿರುವ ಇಟ್ಟಿಗೆಗಳಲ್ಲಿ ಒಂದು. ಇದಕ್ಕೆ ಬಾಗಿಲಿದೆ, ಆದರೆ ಲ್ಯೂಸಿನ್, ಟೈರೊಸಿನ್ ಮುಂತಾದ ಬೇರೆ ಅಮೈನೊ ಆಮ್ಲಗಳೂ ಅದೇ ಬಾಗಿಲಲ್ಲಿ ನೂಕುನುಗ್ಗಲು ಮಾಡುತ್ತಿರುತ್ತವೆ. ಪ್ರೊಟೀನ್ ಜಾಸ್ತಿ ತಿಂದರೆ ಟ್ರಿಪ್ಟೊಫಾನ್ ಜೊತೆಗೆ ಅದರ ಪೈಪೋಟಿದಾರರೂ ಇನ್ನೂ ಜಾಸ್ತಿ ಬರುತ್ತವೆ. ಹಾಗಾಗಿ ‘ಇದನ್ನು ತಿನ್ನಿ, ಖುಷಿಯಾಗಿರಿ’ ಅನ್ನುವ ಪಟ್ಟಿಗಳನ್ನು ನಾನು ನಂಬುವುದಿಲ್ಲ.

ಈ ನೂಕುನುಗ್ಗಲು ಬರೀ ಪುಸ್ತಕದ ಮಾತಲ್ಲ. ಕೈ ನಡುಗುವ, ಚಲನೆ ನಿಧಾನವಾಗುವ ಪಾರ್ಕಿನ್ಸನ್ ಕಾಯಿಲೆಯವರ ಮಿದುಳಿನಲ್ಲಿ ಡೋಪಮಿನ್ ಎಂಬ ಇನ್ನೊಂದು ಸುದ್ದಿ ಒಯ್ಯುವ ರಾಸಾಯನಿಕ ಕಡಿಮೆಯಾಗಿರುತ್ತದೆ. ಡೋಪಮಿನ್ ಗೋಡೆ ದಾಟದು. ಅದಕ್ಕೇ ದಾಟಬಲ್ಲ ಲೆವೊಡೋಪಾ ಮಾತ್ರೆ ಕೊಡುತ್ತಾರೆ. ಒಳಗೆ ಹೋದ ಮೇಲೆ ಅದು ಡೋಪಮಿನ್ ಆಗುತ್ತದೆ. ಅದೂ ಹೋಗಬೇಕಾದದ್ದು ಇದೇ ಬಾಗಿಲಿನಿಂದ. ಮೊಟ್ಟೆ, ಮಾಂಸ, ಬೇಳೆಕಾಳು ಜಾಸ್ತಿ ಇರುವ ಊಟದ ಜೊತೆ ನುಂಗಿದರೆ ಕೆಲವರಿಗೆ ಮಾತ್ರೆ ಸರಿಯಾಗಿ ಹಿಡಿಯುವುದಿಲ್ಲ, ಕೈನಡುಕ ನಿಲ್ಲುವುದಿಲ್ಲ. ಊಟಕ್ಕೆ ಅರ್ಧ ಗಂಟೆ ಮುಂಚೆ ತಗೊಳ್ಳಿ ಅಂತ ವೈದ್ಯರು ಹೇಳುವುದು ಇದಕ್ಕೇ.

ಇಷ್ಟೆಲ್ಲ ಕಾವಲಿದ್ದರೂ, ರಕ್ತದಲ್ಲೇ ಇಲ್ಲದ್ದನ್ನು ಗೋಡೆ ಎಲ್ಲಿಂದ ತರಬೇಕು? ಕಬ್ಬಿಣದ ಅಂಶ ಸಾಲದಿದ್ದರೆ ಡೋಪಮಿನ್ ತಯಾರಿಸುವ ಕಿಣ್ವಕ್ಕೇ ತೊಂದರೆ. ಗರ್ಭಿಣಿಗೆ ಅಯೋಡಿನ್ ತೀರಾ ಕಡಿಮೆಯಾದರೆ ಮಗುವಿನ ಮಿದುಳಿನ ಬೆಳವಣಿಗೆ ಕುಂಠಿತವಾಗುತ್ತದೆ.

ನನಗೆ ಹೆಚ್ಚು ಚಿಂತೆ ಬಿ12 ವಿಟಮಿನ್‌ನದು. ನರತಂತುಗಳ ಮೇಲಿನ ಹೊದಿಕೆ ಗಟ್ಟಿಯಾಗಿರಲು ಅದು ಬೇಕು. ವಯಸ್ಸಾದ ಮೇಲೆ ಹೊಟ್ಟೆಯಲ್ಲಿ ಆಮ್ಲ ಕಡಿಮೆಯಾಗಿ, ಆಹಾರದಲ್ಲಿ ಇದ್ದರೂ ಮೈಗೆ ಹತ್ತದೆ ಹೋಗಬಹುದು. ಆಗ ಕಾಲು ಜೋಮು ಹಿಡಿಯುತ್ತದೆ, ನಡೆಯುವಾಗ ತೂಗಾಡಿದಂತಾಗುತ್ತದೆ, ಹೆಸರುಗಳು ಮರೆತುಹೋಗುತ್ತವೆ. ಮನೆಯವರು ‘ವಯಸ್ಸಾಯ್ತಲ್ಲ’ ಅಂದು ಸುಮ್ಮನಾಗಿಬಿಡುತ್ತಾರೆ. ದಯವಿಟ್ಟು ಹಾಗೆ ಸುಮ್ಮನಾಗಬೇಡಿ. ಒಂದು ರಕ್ತಪರೀಕ್ಷೆ ಮಾಡಿಸಿ. ಬಿ12 ಕೊರತೆಯಿಂದ ಬಂದ ಮರೆವು ಬೇಗ ಗೊತ್ತಾದರೆ ಮಾತ್ರೆಯಿಂದಲೋ ಇಂಜೆಕ್ಷನ್‌ನಿಂದಲೋ ಸುಧಾರಿಸಬಹುದು. ತಡವಾದರೆ ನರಗಳಿಗೆ ಆದ ಹಾನಿ ಹಾಗೇ ಉಳಿದುಬಿಡಬಹುದು.