ಆರಿದ್ದ ದೀಪ ಹೇಳಿದ್ದೇನು?

1979ರ ಮಾರ್ಚ್ 28, ಬೆಳಗಿನ ಜಾವ 4 ಗಂಟೆ. ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಅಣು ವಿದ್ಯುತ್ ಸ್ಥಾವರ. ಕಂಟ್ರೋಲ್ ರೂಮಿನಲ್ಲಿ ಕೆಲವೇ ನಿಮಿಷದಲ್ಲಿ ನೂರಕ್ಕೂ ಹೆಚ್ಚು ಅಲಾರಂ ಹೊಡೆದುಕೊಂಡವು. ಯಾವುದು ಮುಖ್ಯ, ಯಾವುದನ್ನು ಸದ್ಯಕ್ಕೆ ಬಿಡಬಹುದು ಅಂತ ತಿಳಿಯುವ ಗುರುತೇ ಇಲ್ಲ. ಆ ಅಲಾರಂ ಫಲಕವನ್ನೇ ಕಿತ್ತೆಸೆಯಬೇಕು ಅನ್ನಿಸಿತ್ತು ಎಂದು ಆಪರೇಟರ್ ಒಬ್ಬರು ಆಮೇಲೆ ತನಿಖಾ ಆಯೋಗಕ್ಕೆ ಹೇಳಿದರು.

ಅದಕ್ಕಿಂತ ಕೆಟ್ಟದ್ದು ಒಂದು ಪುಟ್ಟ ದೀಪ. ರಿಯಾಕ್ಟರಿನ ಒತ್ತಡ ಇಳಿಸುವ ವಾಲ್ವ್ ತೆರೆದುಕೊಂಡು ಹಾಗೇ ಸಿಕ್ಕಿಹಾಕಿಕೊಂಡಿತ್ತು, ಆದರೆ ಫಲಕದಲ್ಲಿ ಅದರ ದೀಪ ಆರಿತ್ತು. ದೀಪ ಆರಿದರೆ ವಾಲ್ವ್ ಮುಚ್ಚಿದೆ ಅಂತ ತಾನೇ ಯಾರಾದರೂ ತಿಳಿಯೋದು? ನಿಜವಾಗಿ, ಮುಚ್ಚಿಕೋ ಅಂತ ಸಿಗ್ನಲ್ ಹೋಗಿದೆ ಅನ್ನೋದಷ್ಟೇ ಆ ದೀಪಕ್ಕೆ ಗೊತ್ತಿತ್ತು, ವಾಲ್ವ್ ಮುಚ್ಚಿತೋ ಇಲ್ಲವೋ ಗೊತ್ತಿರಲಿಲ್ಲ. ಎರಡು ಗಂಟೆಗೂ ಜಾಸ್ತಿ ಹೊತ್ತು ತಂಪು ಮಾಡುವ ನೀರು ಅಲ್ಲಿಂದ ಸೋರಿಹೋಯಿತು.

ಕೆಲಸದ ಒತ್ತಡ ಅಂದಾಗ ನಾವು ರಜೆ, ನಿದ್ದೆ, ಧ್ಯಾನದ ಮಾತಾಡುತ್ತೇವೆ. ಅವೆಲ್ಲ ಬೇಕು. ಆದರೆ ಆ ಬೆಳಗಿನ ಒತ್ತಡದಲ್ಲಿ ದೊಡ್ಡ ಪಾಲು ಆ ಫಲಕದ್ದು. ಅದನ್ನು ಇಳಿಸಬೇಕಾದ್ದೂ ಅಲ್ಲೇ.

ನಮ್ಮ ಕಣ್ಣು ಹುಡುಕುವ ರೀತಿಯನ್ನು 1980ರಲ್ಲಿ ಮನೋವಿಜ್ಞಾನಿಗಳಾದ ಆನ್ ಟ್ರೀಸ್‌ಮನ್ ಮತ್ತು ಗ್ಯಾರಿ ಜೆಲೇಡ್ ಚೆನ್ನಾಗಿ ವಿವರಿಸಿದರು. ಬೂದು ಚುಕ್ಕೆಗಳ ನಡುವೆ ಒಂದೇ ಒಂದು ಕೆಂಪು ಚುಕ್ಕೆ ಇಟ್ಟರೆ, ಬೂದು ಚುಕ್ಕೆ ಹತ್ತಿರಲಿ ನೂರಿರಲಿ, ಕೆಂಪು ತಾನಾಗಿ ಕಣ್ಣಿಗೆ ಬೀಳುತ್ತದೆ. ಆದರೆ ಕೆಂಪು ವೃತ್ತಗಳು, ನೀಲಿ ತ್ರಿಕೋನಗಳ ರಾಶಿಯಲ್ಲಿ ಒಂದು ಕೆಂಪು ತ್ರಿಕೋನ ಹುಡುಕಿ ಅಂದರೆ ಒಂದೊಂದಾಗಿ ನೋಡಬೇಕು. ರಾಶಿ ದೊಡ್ಡದಾದಷ್ಟೂ ಸಮಯ ಜಾಸ್ತಿ. ಕೈಯಲ್ಲಿ ಸಮಯವೇ ಇಲ್ಲದಾಗ ಈ ಹುಡುಕಾಟ ಎಷ್ಟು ಸುಸ್ತು ಮಾಡುತ್ತೆ ಅಲ್ವಾ!

ಹಾಗಾಗಿ ಏರ್‌ಬಸ್ ಕಾಕ್‌ಪಿಟ್‌ನಲ್ಲಿ ಒಂದು ಪದ್ಧತಿ ಇದೆ, ಹೆಸರು ಡಾರ್ಕ್ ಕಾಕ್‌ಪಿಟ್. ಎಲ್ಲ ಸರಿಯಾಗಿದ್ದರೆ ತಲೆಯ ಮೇಲಿನ ಫಲಕದ ಬಟನ್‌ಗಳಲ್ಲಿ ದೀಪವೇ ಇರುವುದಿಲ್ಲ. ಏನೋ ಗಮನಿಸಬೇಕು ಅಂದರೆ ಹಳದಿ ಮಿಶ್ರಿತ ಕಿತ್ತಳೆ, ತಕ್ಷಣ ಕೈ ಹಾಕಬೇಕು ಅಂದರೆ ಕೆಂಪು. ಕತ್ತಲೆ ಅಂದರೆ ನೆಮ್ಮದಿ. ಕಾರ್ಖಾನೆಗಳ ಕಂಟ್ರೋಲ್ ರೂಮುಗಳಲ್ಲೂ ಈಗ ಬೂದು ಬಣ್ಣದ ಸ್ಕ್ರೀನ್ ಬರುತ್ತಿದೆ. ನೋಡೋಕೆ ಸಪ್ಪೆ, ನಿಜ. ಆದರೆ ಪಂಪು ಪೈಪುಗಳಿಗೆಲ್ಲ ಬಣ್ಣ ಬಳಿದ ಹಳೇ ಸ್ಕ್ರೀನಿಗಿಂತ ಇದೇ ನನಗೆ ಸುಂದರ, ಯಾಕಂದ್ರೆ ಇಲ್ಲಿ ಬಣ್ಣ ಕಂಡರೆ ಅದಕ್ಕೊಂದು ಅರ್ಥ ಇದೆ.

ಆಪರೇಷನ್ ಥಿಯೇಟರಿನ ಹಸಿರು ಬಟ್ಟೆಯೂ ಇದೇ ಕಣ್ಣಿನ ಕಥೆ. ಕೆಂಪು ಕಾಗದವೊಂದನ್ನು ಅರ್ಧ ನಿಮಿಷ ದಿಟ್ಟಿಸಿ, ಆಮೇಲೆ ಬಿಳಿ ಗೋಡೆ ನೋಡಿ. ನೀಲಿ ಹಸಿರು ಕಲೆಯೊಂದು ತೇಲುತ್ತದೆ. ಸರ್ಜನ್ ಗಂಟೆಗಟ್ಟಲೆ ರಕ್ತ ನೋಡುತ್ತಾರೆ, ಸುತ್ತಲೂ ಬಿಳಿ ಬಟ್ಟೆಯಾದರೆ ತಲೆ ಎತ್ತಿದಾಗಲೆಲ್ಲ ಈ ಕಲೆ. ಹಸಿರು ಬಟ್ಟೆಯಲ್ಲಿ ಅದು ಕರಗಿಹೋಗುತ್ತದೆ, ಬೆಳಕೂ ಚುಚ್ಚುವುದಿಲ್ಲ. 1914ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋದ ಸರ್ಜನ್ ಹ್ಯಾರಿ ಶೆರ್ಮನ್ ತಮ್ಮ ಥಿಯೇಟರಿಗೆ ಹಸಿರು ತಂದಿದ್ದರು.

ಬಣ್ಣವೊಂದನ್ನೇ ನಂಬಿ ಕೂರುವಂತಿಲ್ಲ. ಕೆಂಪು ಹಸಿರಿನ ವ್ಯತ್ಯಾಸ ಕಾಣದವರಿದ್ದಾರೆ, ಕತ್ತಲಲ್ಲಿ ಕೆಲಸ ಮಾಡುವವರಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಬಿ-17 ವಿಮಾನ ನೆಲಕ್ಕಿಳಿದ ಮೇಲೆ ಪೈಲಟ್‌ಗಳು ರೆಕ್ಕೆಯ ಫ್ಲಾಪ್ ಎತ್ತಲು ಹೋಗಿ ಚಕ್ರವನ್ನೇ ಮಡಚಿಬಿಡುತ್ತಿದ್ದರು. ತಪ್ಪು ಪೈಲಟ್‌ಗಳ ತಲೆಗೆ ಬರುತ್ತಿತ್ತು. ಅಲ್ಫೋನ್ಸ್ ಚಪಾನಿಸ್ ಎಂಬ ಮನೋವಿಜ್ಞಾನಿ ಹೋಗಿ ನೋಡಿದರೆ ಎರಡೂ ಸ್ವಿಚ್ ಅಕ್ಕಪಕ್ಕ, ಎರಡೂ ಒಂದೇ ಥರ. ಅವರು ಸೂಚಿಸಿದ್ದು ಇಷ್ಟೇ: ಚಕ್ರದ ಹಿಡಿಗೆ ಪುಟ್ಟ ಚಕ್ರ, ಫ್ಲಾಪಿನ ಹಿಡಿಗೆ ರೆಕ್ಕೆಯಂಥ ಚಪ್ಪಟೆ ತುಂಡು. ಇವತ್ತಿನ ಪ್ರಯಾಣಿಕ ವಿಮಾನಗಳಲ್ಲೂ ಚಕ್ರ ಇಳಿಸುವ ಹಿಡಿಯ ತುದಿಯಲ್ಲಿ ಆ ಪುಟ್ಟ ಚಕ್ರ ಇದೆ.